ನೋಟು ಕಸವಾಗಿದ್ದು 1923ರಲ್ಲಿ, ಹಿಟ್ಲರ್ ಬಂದಿದ್ದು 1933ರಲ್ಲಿ. ನಡುವಿನ ಹತ್ತು ವರ್ಷ ಏನಾಯಿತು?

ತುಂಗಾತೀರ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ಸಮಾಜ ಪಾಠದಲ್ಲಿ ಈಗ ಹಿಟ್ಲರ್ ನಡೀತಿದೆ. ಅವಳ ನೋಟ್ಸಿನಲ್ಲಿ ಇರುವುದು ಇಷ್ಟೇ: ಜರ್ಮನಿ ಯುದ್ಧ ಸೋತಿತು, ದಂಡ ಕಟ್ಟಬೇಕಾಯಿತು, ನೋಟಿಗೆ ಬೆಲೆ ಹೋಯಿತು, ಜನ ಹಸಿದರು, ಹಿಟ್ಲರ್ ಬಂದ. ಜೊತೆಗೆ ಬುಟ್ಟಿಗಟ್ಟಲೆ ನೋಟು ಸಾಗಿಸುವ ಫೋಟೋ.

ಅವಳು ಕೇಳಿದ್ದು ಹೀಗೆ: "ಅಮ್ಮಾ, ಈ ಫೋಟೋ 1923ರದು. ಅವನು ಅಧಿಕಾರಕ್ಕೆ ಬಂದಿದ್ದು 1933ರಲ್ಲಿ. ಹತ್ತು ವರ್ಷ ಜನ ಸುಮ್ನೆ ಕಾಯ್ತಾ ಕೂತಿದ್ರಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಇನ್ನೊಂದು ಪ್ರಶ್ನೆ ನನ್ನದು. ಅದೇ ಹೊತ್ತಿಗೆ ಅಮೆರಿಕದಲ್ಲೂ ಜನ ಕೆಲಸ ಕಳೆದುಕೊಂಡಿದ್ದರು ಅಲ್ವಾ? ಅಲ್ಲಿ ಯಾಕೆ ಸರ್ವಾಧಿಕಾರಿ ಬರಲಿಲ್ಲ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಇತಿಹಾಸದ ಮೇಷ್ಟ್ರು

ಮೇಡಂ, ನಿಮ್ಮ ಮಗಳು ಇಸವಿ ಹಿಡಿದು ಕೇಳಿದ್ದು ನನಗೆ ತುಂಬಾ ಖುಷಿಯಾಯಿತು. ಪಾಠ ಮಾಡುವ ನಾವೇ ಎಷ್ಟೋ ಸಲ ಈ ಎರಡು ಕಷ್ಟಗಳನ್ನು ಒಂದೇ ಗಂಟು ಕಟ್ಟಿಬಿಡುತ್ತೇವೆ. ಇವು ಬೇರೆ ಬೇರೆ. ಒಂದರಲ್ಲಿ ಬೆಲೆ ಆಕಾಶಕ್ಕೇರಿತು. ಇನ್ನೊಂದರಲ್ಲಿ ಬೆಲೆ, ಕೂಲಿ, ಕೆಲಸ ಎಲ್ಲವೂ ಕುಸಿದವು. ಹಿಟ್ಲರನನ್ನು ಬಾಗಿಲ ತನಕ ತಂದಿದ್ದು ಎರಡನೆಯದು.

ಮೊದಲು 1923. ಯುದ್ಧಕ್ಕೆ ಮುಂಚೆ ಒಂದು ಡಾಲರಿಗೆ 4.2 ಮಾರ್ಕ್ ಇತ್ತು. 1923ರ ಜನವರಿಯಲ್ಲಿ ದಂಡದ ಬಾಕಿ ವಸೂಲಿಗೆಂದು ಫ್ರಾನ್ಸ್ ಮತ್ತು ಬೆಲ್ಜಿಯಂ ಸೇನೆಗಳು ಜರ್ಮನಿಯ ರೂರ್ ಕಲ್ಲಿದ್ದಲು ಸೀಮೆಗೆ ನುಗ್ಗಿದವು. ಅಲ್ಲಿನ ಕಾರ್ಮಿಕರು ಕೆಲಸ ನಿಲ್ಲಿಸಿದರು. ಅವರಿಗೆ ಕೂಲಿ ಕೊಡಲು ಸರ್ಕಾರ ನೋಟು ಅಚ್ಚು ಹಾಕುತ್ತಾ ಹೋಯಿತು. ಅದೇ ವರ್ಷ ನವೆಂಬರ್ ಹೊತ್ತಿಗೆ ಒಂದು ಡಾಲರಿಗೆ 4.2 ಲಕ್ಷ ಕೋಟಿ ಮಾರ್ಕ್! ಹಿಟ್ಲರ್ ಆಗಲೇ ಮ್ಯೂನಿಕ್‌ನಲ್ಲಿ ದಂಗೆ ಎದ್ದ, ನವೆಂಬರ್ 8 ಮತ್ತು 9ರಂದು. ಪೊಲೀಸರು ಗುಂಡು ಹಾರಿಸಿದರು, ದಂಗೆ ಅಲ್ಲಿಗೇ ಮುಗಿಯಿತು, ಅವನು ಜೈಲಿಗೆ ಹೋದ. ನವೆಂಬರ್ 15ಕ್ಕೆ ರೆಂಟನ್‌ಮಾರ್ಕ್ ಅನ್ನುವ ಹೊಸ ನೋಟು ಬಂತು. ಲಕ್ಷ ಕೋಟಿ ಹಳೇ ಮಾರ್ಕಿಗೆ ಒಂದು ಹೊಸದು. ಬೆಲೆ ನಿಂತಿತು.

ಆಮೇಲೆ ಐದಾರು ವರ್ಷ ಪರಿಸ್ಥಿತಿ ಸುಧಾರಿಸಿತು. 1928ರ ಮೇ ಚುನಾವಣೆಯಲ್ಲಿ ನಾಜಿಗಳಿಗೆ ಬಿದ್ದ ಮತ ಶೇ. 2.6. ಸೀಟು 12. ಮಗಳಿಗೆ ಈ ಒಂದು ಅಂಕಿ ತೋರಿಸಿ. ನೋಟು ಕಸವಾದ ಸಿಟ್ಟೇ ಹಿಟ್ಲರನನ್ನು ತಂದಿದ್ದರೆ ಇದು ಹೀಗೆ ಇರುತ್ತಿರಲಿಲ್ಲ.

ಮುಂದಿನದನ್ನು ನೋಡಿ. 1930ರ ಸೆಪ್ಟೆಂಬರ್: ಶೇ. 18.3, ಸೀಟು 107. 1932ರ ಜುಲೈ: ಶೇ. 37ರ ಮೇಲೆ, ಸೀಟು 230. ಈ ನಾಲ್ಕು ವರ್ಷದಲ್ಲಿ ಕೆಲಸ ಇಲ್ಲದವರ ಸಂಖ್ಯೆ ಹದಿಮೂರು ಹದಿನಾಲ್ಕು ಲಕ್ಷದಿಂದ 60 ಲಕ್ಷ ದಾಟಿತ್ತು.

ಹಾಗಂತ 1923ಕ್ಕೆ ಪಾತ್ರವೇ ಇಲ್ಲ ಅಂತಲ್ಲ. ಜೀವಮಾನವಿಡೀ ಕೂಡಿಟ್ಟಿದ್ದವರು, ಪಿಂಚಣಿ ನಂಬಿದ್ದವರು, ದೇಶಕ್ಕೆಂದು ಯುದ್ಧದ ಬಾಂಡ್ ಕೊಂಡವರು ಬರಿಗೈ ಆದರು. ಅವರು ಹಳೇ ಮಧ್ಯಮ ವರ್ಗದ ಪಕ್ಷಗಳನ್ನು ನಂಬುವುದು ಬಿಟ್ಟರು. ಇನ್ನೂ ಕೆಟ್ಟದ್ದು ಅಂದರೆ ಆ ನೆನಪೇ ಮುಂದೆ ಸರ್ಕಾರದ ಕೈ ಕಟ್ಟಿತು. 1930ರಲ್ಲಿ ಖರ್ಚು ಮಾಡಿ ಜನಕ್ಕೆ ಕೆಲಸ ಕೊಡಿ ಅಂದರೆ "ಮತ್ತೆ ನೋಟು ಕಸವಾಗುತ್ತದೆ" ಅನ್ನುವ ಭಯ.

ನಿವೃತ್ತ ಬ್ಯಾಂಕಿಗ

ಮೇಷ್ಟ್ರು ಹೇಳಿದ ಆ "ಸುಧಾರಿಸಿದ" ವರ್ಷಗಳ ಬಗ್ಗೆ ಸ್ವಲ್ಪ ಸೇರಿಸುತ್ತೇನೆ. ನನಗೆ ಈ ಕಥೆಯಲ್ಲಿ ಜಾಸ್ತಿ ಹೊಟ್ಟೆ ಉರಿಸುವ ಭಾಗ ಇದೇ.

ದಂಡದ ಕಂತುಗಳನ್ನು ಸಡಿಲಿಸಿದ 1924ರ ಡಾವ್ಸ್ ಒಪ್ಪಂದ ಆದ ಮೇಲೆ ಅಮೆರಿಕದ ಸಾಲ ಜರ್ಮನಿಗೆ ಹರಿದು ಬಂತು. ಅದರಲ್ಲಿ ದೊಡ್ಡ ಪಾಲು ಅಲ್ಪಾವಧಿ ಸಾಲ. ಕೆಲವು ತಿಂಗಳಿಗೆ ತಂದ ದುಡ್ಡನ್ನು ಜರ್ಮನ್ ಬ್ಯಾಂಕುಗಳು ವರ್ಷಗಟ್ಟಲೆ ಹಿಡಿಯುವ ಕೆಲಸಕ್ಕೆ ಹಾಕಿದವು. ಕಾರ್ಖಾನೆ, ಊರಿನ ಕಟ್ಟಡ, ಹೀಗೆ. ಬ್ಯಾಂಕಿನಲ್ಲಿ ಕೂತವರಿಗೆ ಇದರ ಅಪಾಯ ಬಿಡಿಸಿ ಹೇಳಬೇಕಿಲ್ಲ. ಸಾಲ ಕೊಟ್ಟವನು ವಾಪಸ್ ಕೇಳಿದ ದಿನ ಗಲ್ಲಾಪೆಟ್ಟಿಗೆ ಖಾಲಿ. 1929ರ ಅಕ್ಟೋಬರಿನಲ್ಲಿ ನ್ಯೂಯಾರ್ಕ್ ಷೇರುಪೇಟೆ ಬಿದ್ದ ಮೇಲೆ ಆ ದುಡ್ಡು ವಾಪಸ್ ಹೋಗುವುದು ಜೋರಾಯಿತು.

1931ರ ಮೇ 11ಕ್ಕೆ ವಿಯೆನ್ನಾದ ಕ್ರೆಡಿಟ್‌ಆನ್‌ಸ್ಟಾಲ್ಟ್ ಬ್ಯಾಂಕು ತನಗಾದ ನಷ್ಟ ಹೊರಗೆ ಹಾಕಿತು. ಆಸ್ಟ್ರಿಯಾದ ಅತಿ ದೊಡ್ಡ ಬ್ಯಾಂಕು ಅದು. ಗಾಬರಿ ಗಡಿ ದಾಟಿತು. ಜರ್ಮನಿಯಲ್ಲಿ ನಾರ್ಡ್‌ವೋಲ್ಲೆ ಅನ್ನುವ ಉಣ್ಣೆ ಕಂಪನಿ ಸುಳ್ಳು ಲೆಕ್ಕ ತೋರಿಸಿ ಮುಳುಗಿತು. ಅದಕ್ಕೆ ಸಾಲ ಕೊಟ್ಟಿದ್ದ ಡಾನಾಟ್ ಬ್ಯಾಂಕು ಜುಲೈ 13ರಂದು ಬಾಗಿಲು ತೆರೆಯಲಿಲ್ಲ. ಸರ್ಕಾರ ಎಲ್ಲ ಬ್ಯಾಂಕುಗಳಿಗೂ ರಜೆ ಘೋಷಿಸಿತು. ಡಾನಾಟ್ ಬ್ಯಾಂಕಿನ ಮುಖ್ಯಸ್ಥ ಯಾಕೋಬ್ ಗೋಲ್ಡ್‌ಶ್ಮಿಟ್ ಯಹೂದಿ. ನಾಜಿಗಳಿಗೆ ಇಷ್ಟು ಸಾಕಾಯಿತು. ಸುಳ್ಳು ಲೆಕ್ಕ ಬರೆದ ಉಣ್ಣೆ ಕಂಪನಿಯನ್ನು ಪಕ್ಕಕ್ಕಿಟ್ಟು, ಒಬ್ಬ ಬ್ಯಾಂಕರಿನ ಧರ್ಮ ಹಿಡಿದು ಇಡೀ ಸಮುದಾಯದ ಮೇಲೆ ಗೂಬೆ ಕೂರಿಸಿದರು.

ಇತಿಹಾಸದ ಮೇಷ್ಟ್ರು

ಸರ್, ಬ್ಯಾಂಕಿನ ಕಡೆಯದ್ದು ಚೆನ್ನಾಗಿ ಹೇಳಿದಿರಿ. ಸರ್ಕಾರದ ಕಡೆಯದ್ದು ನಾನು ಹೇಳುತ್ತೇನೆ.

1927ರಲ್ಲಿ ಜರ್ಮನಿ ನಿರುದ್ಯೋಗ ವಿಮೆ ತಂದಿತ್ತು. ಮಾಲೀಕರೂ ಕಾರ್ಮಿಕರೂ ಕಂತು ಕಟ್ಟಬೇಕು, ಕೆಲಸ ಹೋದರೆ 26 ವಾರ ಭತ್ಯೆ. ಒಳ್ಳೇ ಯೋಜನೆ. ಆದರೆ ಏಳೆಂಟು ಲಕ್ಷ ಜನಕ್ಕೆ ಅಂತ ಲೆಕ್ಕ ಹಾಕಿದ್ದು. 30 ಲಕ್ಷ ಜನ ಸಾಲು ನಿಂತಾಗ ದುಡ್ಡು ಎಲ್ಲಿಂದ? ಕಂತನ್ನು ಶೇ. 3.5ರಿಂದ 4ಕ್ಕೆ ಏರಿಸಬೇಕೋ ಬೇಡವೋ ಅಂತ ಸಮ್ಮಿಶ್ರ ಸರ್ಕಾರದಲ್ಲಿ ಜಗಳ. 1930ರ ಮಾರ್ಚ್ 27ಕ್ಕೆ ಹರ್ಮನ್ ಮ್ಯೂಲರ್ ಸರ್ಕಾರ ಅದೇ ಜಗಳದಲ್ಲಿ ಬಿತ್ತು. ಸಂಸತ್ತಿನಲ್ಲಿ ಬಹುಮತ ಇಟ್ಟುಕೊಂಡು ಆಳಿದ ಕೊನೆಯ ಸರ್ಕಾರ ಅದು. ಅರ್ಧ ಪರ್ಸೆಂಟಿಗೆ ಹೋಯಿತು! ಪಾಠ ಮಾಡುವಾಗ ಈ ಜಾಗಕ್ಕೆ ಬಂದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಚಾನ್ಸಲರ್ (ಅಂದರೆ ಅಲ್ಲಿನ ಪ್ರಧಾನಿ) ಆಗಿ ಬಂದವನು ಹೈನ್ರಿಶ್ ಬ್ರೂನಿಂಗ್. ಅವನ ಕೈಯಲ್ಲಿ ಬಹುಮತ ಇರಲಿಲ್ಲ. ಸಂವಿಧಾನದ 48ನೇ ವಿಧಿ ಹಿಡಿದು, ಅಧ್ಯಕ್ಷ ಹಿಂಡೆನ್‌ಬರ್ಗ್ ಸಹಿ ಹಾಕಿಸಿ, ಸುಗ್ರೀವಾಜ್ಞೆ ಮೇಲೆ ಸುಗ್ರೀವಾಜ್ಞೆ ಹೊರಡಿಸಿದ. ನೌಕರರ ಸಂಬಳ ಕಡಿತ, ತೆರಿಗೆ ಏರಿಕೆ, ಭತ್ಯೆ ಕಡಿತ. 1931ರ ಡಿಸೆಂಬರಿನ ಆಜ್ಞೆಯಲ್ಲಂತೂ ಕೂಲಿಯನ್ನು 1927ರ ಜನವರಿ ಮಟ್ಟಕ್ಕೆ ಇಳಿಸಿಬಿಟ್ಟ. ಜನ ಅವನನ್ನು "ಹಸಿವಿನ ಚಾನ್ಸಲರ್" ಅಂದರು. ಸಂಬಳ ಕಮ್ಮಿ ಆದವರು ಖರೀದಿ ಕಮ್ಮಿ ಮಾಡಿದರು, ಅಂಗಡಿ ಮುಚ್ಚಿತು, ಮತ್ತಷ್ಟು ಜನ ಬೀದಿಗೆ ಬಂದರು.

1931ರಲ್ಲಿ ಸಂಸತ್ತು ಮಾಡಿದ ಕಾಯ್ದೆ 34, ಸುಗ್ರೀವಾಜ್ಞೆ 44. 1932ರಲ್ಲಿ ಕಾಯ್ದೆ ಬರೀ 5, ಸುಗ್ರೀವಾಜ್ಞೆ ಸುಮಾರು 60. ಹಿಟ್ಲರ್ ಬರುವ ಮೊದಲೇ ಸಂಸತ್ತಿನ ಕೆಲಸ ನಿಂತುಹೋಗಿತ್ತು. ಸಹಿಯಿಂದ ದೇಶ ಆಳುವುದು ಜನಕ್ಕೆ ಅಭ್ಯಾಸ ಆಗಿಬಿಟ್ಟಿತ್ತು. ಆರ್ಥಿಕ ಕುಸಿತ ಸರ್ವಾಧಿಕಾರಕ್ಕೆ ಮಾಡಿಕೊಟ್ಟ ಅತಿ ದೊಡ್ಡ ಉಪಕಾರ ಇದೇ ಅಂತ ನನ್ನ ಅಭಿಪ್ರಾಯ.

ರಾಯಚೂರು ಹುಡುಗ

ಅಂದ್ರೆ ಕೆಲಸ ಇಲ್ಲದ ಆ 60 ಲಕ್ಷ ಜನಾನೇ ಹಿಟ್ಲರ್‌ಗೆ ಓಟು ಹಾಕಿದ್ರು ಅಂತ ತಿಳ್ಕೊಬಹುದಾ? ಹೊಟ್ಟೆಗಿಲ್ಲದವನು ಯಾರು ಅನ್ನ ಕೊಡ್ತೀನಿ ಅಂದ್ರೂ ಅವನ ಹಿಂದೆ ಹೋಗ್ತಾನೆ ಅಲ್ವಾ?

ರೈನ್ ದಂಡೆಯ ಕನ್ನಡತಿ

ತಮ್ಮಾ, ಹಾಗಲ್ಲ. ಬಡವರ ಮೇಲೆ ಈ ಆರೋಪ ಬರುವಾಗೆಲ್ಲ ನನಗೆ ಬೇಸರವಾಗುತ್ತದೆ. ನಾನು ಕೆಲವು ವರ್ಷದಿಂದ ಜರ್ಮನಿಯಲ್ಲಿದ್ದೇನೆ. ಇಲ್ಲಿನವರು ಈ ಮತಗಳ ಲೆಕ್ಕವನ್ನು ಊರು ಊರು ಹಿಡಿದು ಮಾಡಿದ್ದಾರೆ.

ಕೆಲಸ ಕಳೆದುಕೊಂಡ ಕಾರ್ಖಾನೆ ಕಾರ್ಮಿಕರು ಹೆಚ್ಚಾಗಿ ವಾಲಿದ್ದು ಕಮ್ಯುನಿಸ್ಟರ ಕಡೆ. 1932ರ ನವೆಂಬರಿನಲ್ಲಿ ಆ ಪಕ್ಷಕ್ಕೆ 100 ಸೀಟು ಬಂತು. ನಾಜಿಗಳಿಗೆ ದಂಡಿಯಾಗಿ ಮತ ಹಾಕಿದವರು ಇನ್ನೂ ಏನೋ ಉಳಿಸಿಕೊಂಡಿದ್ದವರು, ಅದೂ ಹೋಗುತ್ತದೆ ಅಂತ ಹೆದರಿದವರು. ಸಣ್ಣ ಅಂಗಡಿಯವರು, ಕುಶಲಕರ್ಮಿಗಳು, ಪಿಂಚಣಿದಾರರು, ರೈತರು. ಪ್ರಾಟೆಸ್ಟಂಟ್ ಹಳ್ಳಿಗಳಲ್ಲಿ ಜಾಸ್ತಿ. ಕ್ಯಾಥೊಲಿಕ್ ಸೀಮೆಯಲ್ಲಿ ಬಹುತೇಕರು ತಮ್ಮ ಸೆಂಟರ್ ಪಕ್ಷ ಬಿಡಲಿಲ್ಲ.

ಉತ್ತರದ ಶ್ಲೆಸ್ವಿಗ್-ಹೋಲ್‌ಸ್ಟೈನ್ ನೋಡು. ಹಂದಿ, ದನ ಸಾಕುವ ರೈತರ ನಾಡು. ಮಾಲಿನ ಬೆಲೆ ಬಿತ್ತು, ಸಾಲದ ಬಡ್ಡಿ ಬೀಳಲಿಲ್ಲ. ತೆರಿಗೆಯವರು ಬಂದು ದನ ಜಪ್ತಿ ಮಾಡಿ ಹರಾಜು ಹಾಕುತ್ತಿದ್ದರು. ರೈತರು ತೆರಿಗೆ ಕಟ್ಟಲ್ಲ ಅಂತ ಚಳವಳಿ ಶುರು ಮಾಡಿದರು, ಸರ್ಕಾರಿ ಕಚೇರಿಗಳಿಗೆ ಬಾಂಬ್ ಇಡುವವರೆಗೂ ಹೋಯಿತು. 1928ರಲ್ಲಿ ಅಲ್ಲಿ ನಾಜಿಗಳಿಗೆ ಶೇ. 4. 1932ರ ಜುಲೈನಲ್ಲಿ ಶೇ. 51. ಹಳ್ಳಿ ಹಳ್ಳಿಗೆ ಹೋಗಿ "ನಿಮ್ಮ ಹೊಲ ಉಳಿಸುತ್ತೇವೆ" ಅಂದವರು ಅವರೊಬ್ಬರೇ.

ಪೂರ್ತಿ ಕೆಲಸ ಕಳೆದುಕೊಂಡವರು ಏನಾಗುತ್ತಾರೆ ಅನ್ನೋದಕ್ಕೆ ಇನ್ನೊಂದು ಊರಿನ ಕಥೆ ಹೇಳುತ್ತೇನೆ. ವಿಯೆನ್ನಾ ಹತ್ತಿರ ಮರಿಯೆಂಥಾಲ್ ಅಂತ ಒಂದು ಊರು. ಊರಿಗೆಲ್ಲ ಒಂದೇ ಬಟ್ಟೆ ಮಿಲ್ಲು. ಅದು ಮುಚ್ಚಿತು. ಮರೀ ಯಾಹೋದಾ ಮತ್ತು ಸಂಗಡಿಗರು 1931ರ ಕೊನೆಯಲ್ಲಿ ಅಲ್ಲಿಗೆ ಹೋಗಿ ಜನರ ಬದುಕನ್ನು ಹತ್ತಿರದಿಂದ ದಾಖಲಿಸಿದರು. ದಂಗೆ ಏಳುತ್ತಾರೇನೋ ಅಂತ ನೋಡಿದರೆ ಕಂಡಿದ್ದು ಬೇರೆ. ಜನಕ್ಕೆ ದಿನವಿಡೀ ಬಿಡುವು, ಆದರೆ ಗ್ರಂಥಾಲಯದಿಂದ ಪುಸ್ತಕ ಒಯ್ಯುವುದು ಅರ್ಧಕ್ಕೆ ಇಳಿದಿತ್ತು. ಪತ್ರಿಕೆ ತರಿಸುವುದನ್ನೂ ಬಹಳ ಜನ ಬಿಟ್ಟಿದ್ದರು. ಸಂಶೋಧಕರು ಕಿಟಕಿ ಹಿಂದೆ ಕೂತು ಮುಖ್ಯ ಬೀದಿಯಲ್ಲಿ ಜನ ನಡೆಯುವ ವೇಗ ಅಳೆದರು. ಗಂಡಸರು ನಡೆಯುತ್ತಾ ನಡೆಯುತ್ತಾ ಸುಮ್ನೆ ನಿಂತುಬಿಡುತ್ತಿದ್ದರು. ಮನೆಗೆಲಸ ಇದ್ದ ಹೆಂಗಸರೇ ಬೇಗ ನಡೆಯುತ್ತಿದ್ದರು. ನಾಯಿ, ಬೆಕ್ಕು ಕಾಣೆಯಾದರೆ ಯಾರೂ ದೂರು ಕೊಡುತ್ತಿರಲಿಲ್ಲ, ಯಾರದೋ ಒಲೆಗೆ ಹೋಗಿದೆ ಅಂತ ಗೊತ್ತಿತ್ತು. ಹಸಿದವರು ಸಿಡಿಯಲಿಲ್ಲ, ಮಂಕಾದರು. ಪ್ರಜಾಪ್ರಭುತ್ವಕ್ಕೆ ಅದರಿಂದಲೂ ಕೇಡೇ. ಅದನ್ನು ಕಾಪಾಡಲು ಬೀದಿಗೆ ಬರಬೇಕಾದವರೇ ಕೈಚೆಲ್ಲಿ ಕೂತಿದ್ದರು.

ಹೆದ್ದಾರಿ ಪ್ರಿಯ

ಎಲ್ಲ ಸರಿ. ಆದರೆ ಕೆಲಸ ಕೊಡುತ್ತೇನೆ ಅಂದವನು ಕೊಟ್ಟನಲ್ಲ? ನಾಲ್ಕೈದು ವರ್ಷದಲ್ಲಿ ನಿರುದ್ಯೋಗ ಮಾಯ, ಆಟೋಬಾನ್ ರಸ್ತೆ ಬಂತು. ಜನ ಅವನನ್ನು ಒಪ್ಪಿಕೊಳ್ಳೋಕೆ ಅದೂ ಕಾರಣ ಇರಬೇಕು. ಆರ್ಥಿಕತೆ ವಿಷಯದಲ್ಲಿ ಅವನು ಗೆದ್ದ ಅಂತ ಬಹಳ ಕಡೆ ಓದಿದ್ದೇನೆ.

ನಿವೃತ್ತ ಬ್ಯಾಂಕಿಗ

ಇದನ್ನು ಹಾಗೇ ಬಿಡಬಾರದು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ರಸ್ತೆಯಿಂದ ಶುರು ಮಾಡೋಣ. ಕಲೋನ್‌ನಿಂದ ಬಾನ್‌ಗೆ ಹೋಗುವ ವೇಗದ ರಸ್ತೆ 1932ರ ಆಗಸ್ಟಿನಲ್ಲೇ ಉದ್ಘಾಟನೆ ಆಗಿತ್ತು. ಮಾಡಿಸಿದ್ದು ಆಗಿನ ಕಲೋನ್ ಮೇಯರ್ ಕೊನ್ರಾಡ್ ಆಡೆನಾವರ್. ಹಿಟ್ಲರ್ ಶುರು ಮಾಡಿದ ಆಟೋಬಾನ್ ಕೆಲಸದಲ್ಲಿ ಜೋರಾಗಿ ನಡೆದಾಗಲೂ ಇದ್ದ ಕಾರ್ಮಿಕರು ಸುಮಾರು ಒಂದೂಕಾಲು ಲಕ್ಷ. ಅರವತ್ತು ಲಕ್ಷದ ಮುಂದೆ ಅದೆಷ್ಟು?

ಆರ್ಥಿಕತೆ ತಳ ಮುಟ್ಟಿದ್ದು 1932ರಲ್ಲಿ. ಹಿಂದಿನ ಸರ್ಕಾರಗಳು ಕೊನೆಗೂ ಖರ್ಚಿಗೆ ಕೈ ಹಾಕಿದ್ದವು. ಅದರ ಫಲ ಬರುವ ಹೊತ್ತಿಗೆ ಕುರ್ಚಿಯಲ್ಲಿ ಇವನಿದ್ದ. ಆಮೇಲೆ ಬಂದ ಕೆಲಸದ ದೊಡ್ಡ ಪಾಲು ಬಂದೂಕು, ಟ್ಯಾಂಕು, ವಿಮಾನದ್ದು. 1933ರ ಫೆಬ್ರವರಿ 8ರ ಸಂಪುಟ ಸಭೆಯಲ್ಲೇ ಹಿಟ್ಲರ್, ಉದ್ಯೋಗ ಯೋಜನೆ ಯಾವುದೇ ಇರಲಿ, ಸೇನೆಗೆ ಅದರಿಂದ ಏನು ಉಪಯೋಗ ಅಂತ ಅಳೆದು ನೋಡಬೇಕು ಅಂದಿದ್ದ. ಬಜೆಟ್ಟಿನಲ್ಲಿ ಕಾಣದ ಹಾಗೆ ಮೆಫೋ ಹುಂಡಿ ಅನ್ನುವ ಸಾಲಪತ್ರ ಹೊರಡಿಸಿದರು. ಹೆಸರಿಗೆ ಒಂದು ಕಂಪನಿ, ಹಿಂದೆ ಸರ್ಕಾರದ ಜಾಮೀನು. ನನ್ನ ವೃತ್ತಿಯಲ್ಲಿ ಇದಕ್ಕೆ ಲೆಕ್ಕ ಮುಚ್ಚಿಡುವುದು ಅನ್ನುತ್ತಾರೆ.

ಇನ್ನು ಕಾರ್ಮಿಕರು. 1933ರ ಮೇ 2ರಂದು ಸಂಘಗಳ ಕಚೇರಿಗೆ ನುಗ್ಗಿ ಬೀಗ ಜಡಿದರು, ಮುಖಂಡರನ್ನು ಹಿಡಿದರು. ಕೂಲಿಯನ್ನು ಕುಸಿತದ ಕಾಲದ ಮಟ್ಟದಲ್ಲೇ ಕಟ್ಟಿಹಾಕಿದರು. ಕೆಲಸದಿಂದ ಹೊರಹಾಕಿದ ಯಹೂದಿಗಳು, ಮನೆಗೆ ಕಳಿಸಿದ ಹೆಂಗಸರು ನಿರುದ್ಯೋಗದ ಪಟ್ಟಿಗೇ ಬರಲಿಲ್ಲ. 1935ರಿಂದ ಹುಡುಗರನ್ನು ಕಡ್ಡಾಯವಾಗಿ ಸೇನೆಗೆ ಸೇರಿಸಿದರು. ಇಷ್ಟೆಲ್ಲ ಸೇರಿ ಆ "ಮಾಯ". ಇದನ್ನು ಗೆಲುವು ಅನ್ನಲು ನನ್ನಿಂದ ಆಗದು.

ರಾಮನಗರ ರೇಷ್ಮೆ

ನಮ್ಮ ಮನೆಯಲ್ಲಿ ಮೂರು ತಲೆಮಾರಿನಿಂದ ಹುಳ ಸಾಕುತ್ತೇವೆ. ಹಾಗಾಗಿ ಜಪಾನಿನ ಕಥೆ ಹುಡುಕಿ ಓದಿದ್ದೆ, ಅದೂ ಇಲ್ಲಿಗೆ ಸೇರುತ್ತದೆ.

ಜಪಾನಿನ ರೈತರು ಭತ್ತದ ಜೊತೆ ಹಿಪ್ಪುನೇರಳೆ ಬೆಳೆದು ಗೂಡು ಮಾರಿ ಬದುಕುತ್ತಿದ್ದರು. ಆ ರೇಷ್ಮೆಗೆ ದೊಡ್ಡ ಗಿರಾಕಿ ಅಮೆರಿಕ. 1929ರ ಕುಸಿತದ ಮೇಲೆ ಅಮೆರಿಕದಲ್ಲಿ ರೇಷ್ಮೆ ಕಾಲುಚೀಲ ಕೊಳ್ಳುವವರು ಕಮ್ಮಿಯಾದರು. ಅದೇ ಹೊತ್ತಿಗೆ, 1930ರ ಜನವರಿಯಲ್ಲಿ, ಹಣಕಾಸು ಮಂತ್ರಿ ಇನೊಯೆ ಜುನ್ನೊಸುಕೆ ಯೆನ್ ನಾಣ್ಯವನ್ನು ಹಳೇ ದರದಲ್ಲೇ ಚಿನ್ನಕ್ಕೆ ಕಟ್ಟಿದರು, ಅಂದರೆ ಇಷ್ಟು ಯೆನ್‌ಗೆ ಇಷ್ಟು ಚಿನ್ನ ಅಂತ. ಮಾಲು ಹೊರದೇಶದವರಿಗೆ ಇನ್ನೂ ದುಬಾರಿ ಆಯಿತು. ರೇಷ್ಮೆ ಬೆಲೆ ನೆಲ ಕಚ್ಚಿತು. ಈಶಾನ್ಯದ ತೊಹೊಕು ಸೀಮೆಯಲ್ಲಿ 1931ರಲ್ಲಿ ಬೆಳೆಯೂ ಹೋಯಿತು. ಹೆಣ್ಣುಮಕ್ಕಳನ್ನು ಮಾರಿದ ಮನೆಗಳಿದ್ದವು. ಗೂಡಿನ ಬೆಲೆ ಬಿದ್ದ ದಿನ ಮನೆ ಹೇಗಿರುತ್ತದೆ ಅಂತ ಗೊತ್ತಿರುವುದರಿಂದ ಇದನ್ನು ಓದುವಾಗ ಕೈ ನಡುಗಿತು.

ಸೇನೆಯ ಕಿರಿಯ ಅಧಿಕಾರಿಗಳಿಗೆ ಈ ಹಳ್ಳಿಗಳ ಪಾಡು ಗೊತ್ತಿತ್ತು, ಅವರ ಸಿಪಾಯಿಗಳು ಅಲ್ಲಿಯವರೇ. ರಾಜಕಾರಣಿ ಮತ್ತು ದೊಡ್ಡ ವ್ಯಾಪಾರಿ ಸೇರಿ ದೇಶ ಮಾರುತ್ತಿದ್ದಾರೆ ಅನ್ನುವ ಮಾತು ಹಬ್ಬಿತು. 1931ರ ಸೆಪ್ಟೆಂಬರಿನಲ್ಲಿ ಸೇನೆ ತಾನೇ ಮುಂದಾಗಿ ಮಂಚೂರಿಯಾಕ್ಕೆ ನುಗ್ಗಿತು. 1932ರ ಫೆಬ್ರವರಿಯಲ್ಲಿ ಇನೊಯೆ ಅವರನ್ನು ಕೊಂದರು. ಮೇ 15ಕ್ಕೆ ಪ್ರಧಾನಿ ಇನುಕಾಯಿ ಅವರನ್ನು ಮನೆಗೇ ನುಗ್ಗಿ ಗುಂಡಿಟ್ಟರು. ಚಿನ್ನದ ಕಟ್ಟು ಬಿಚ್ಚಿ ದೇಶವನ್ನು ಕುಸಿತದಿಂದ ಮೇಲೆತ್ತಿದ್ದ ಮುಂದಿನ ಹಣಕಾಸು ಮಂತ್ರಿ ತಕಹಾಶಿ ಕೊರೆಕಿಯೊ ಕೂಡ ಉಳಿಯಲಿಲ್ಲ. ಸೇನೆಯ ಖರ್ಚಿಗೆ ಕಡಿವಾಣ ಹಾಕಲು ಹೋದರು ಅಂತ 1936ರ ಫೆಬ್ರವರಿ 26ರಂದು ಕೊಂದರು.

ಅಲ್ಲಿಂದ ಬಂದ ಅಗ್ಗದ ರೇಷ್ಮೆ ಆ ವರ್ಷಗಳಲ್ಲಿ ನಮ್ಮ ಮೈಸೂರು ಸೀಮೆಯ ರೇಷ್ಮೆಗೂ ದೊಡ್ಡ ಪೆಟ್ಟು ಕೊಟ್ಟಿತು.

ತುಂಗಾತೀರ

ಎಲ್ಲರಿಗೂ ಮನಸಾರೆ ಧನ್ಯವಾದ. ಮಗಳೂ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಅಮೆರಿಕದ ಪ್ರಶ್ನೆ ಉಳೀತು ಮೇಷ್ಟ್ರೇ. ಅವಳದು ಇನ್ನೊಂದು: ಹಿಟ್ಲರ್‌ಗೆ ಬಹುಮತ ಇಲ್ಲದಿದ್ದರೆ ಅಧಿಕಾರ ಕೊಟ್ಟವರು ಯಾರು?

ಇತಿಹಾಸದ ಮೇಷ್ಟ್ರು

ಎರಡನೇ ಪ್ರಶ್ನೆಯೇ ಮೊದಲು. 1932ರ ನವೆಂಬರ್ ಚುನಾವಣೆಯಲ್ಲಿ ನಾಜಿಗಳ ಮತ ಇಳಿದಿತ್ತು. ಶೇ. 37ರಿಂದ 33ಕ್ಕೆ, 230 ಸೀಟಿನಿಂದ 196ಕ್ಕೆ. ಪಕ್ಷಕ್ಕೆ ಸಾಲ, ಒಳಗೆ ಜಗಳ. ಆಗ ಅವನನ್ನು ಎತ್ತಿ ಕೂರಿಸಿದ್ದು ಮೇಲಿನ ಕೆಲವೇ ಜನ. 1933ರ ಜನವರಿ 4ರಂದು ಕಲೋನ್‌ನಲ್ಲಿ ಕುರ್ಟ್ ಫಾನ್ ಶ್ರೋಡರ್ ಅನ್ನುವ ಬ್ಯಾಂಕರ್ ಮನೆಯಲ್ಲಿ ಮಾಜಿ ಚಾನ್ಸಲರ್ ಫ್ರಾನ್ಸ್ ಫಾನ್ ಪಾಪನ್ ಮತ್ತು ಹಿಟ್ಲರ್ ಗುಟ್ಟಾಗಿ ಭೇಟಿಯಾದರು. ಪಾಪನ್‌ಗೆ ತನ್ನ ಜಾಗಕ್ಕೆ ಬಂದ ಷ್ಲೈಖರ್ ಮೇಲೆ ಸೇಡು ತೀರಿಸಿಕೊಳ್ಳಬೇಕಿತ್ತು. ಹಿಂಡೆನ್‌ಬರ್ಗ್ ಮನಸ್ಸನ್ನು ಅವನೇ ತಿರುಗಿಸಿದ. ಜನವರಿ 30ಕ್ಕೆ ಹಿಟ್ಲರ್ ಚಾನ್ಸಲರ್. ಸಂಪುಟದಲ್ಲಿ ಅವನನ್ನೂ ಸೇರಿಸಿ ನಾಜಿಗಳು ಮೂವರೇ. ಉಳಿದವರೆಲ್ಲ ಹಳೇ ಬಲಪಂಥೀಯರು, ಇವನನ್ನು ಹಿಡಿತದಲ್ಲಿ ಇಡಬಹುದು ಅಂದುಕೊಂಡವರು. ಎದುರು ನಿಲ್ಲಬೇಕಾದವರು ಒಂದಾಗಲಿಲ್ಲ. ಕಮ್ಯುನಿಸ್ಟರಿಗೆ ಸೋಷಿಯಲ್ ಡೆಮಾಕ್ರಾಟರೇ (ಸಂಸತ್ತಿನ ದಾರಿ ನಂಬಿದ ಕಾರ್ಮಿಕ ಪಕ್ಷದವರು) ಮುಖ್ಯ ಶತ್ರು, ಅವರನ್ನು ಸಾಮಾಜಿಕ ಫ್ಯಾಸಿಸ್ಟರು ಅಂತ ಕರೆಯುತ್ತಿದ್ದರು.

ಇಟಲಿಯಲ್ಲೂ ಕೊನೇ ಹೆಜ್ಜೆ ಹೀಗೇ. ಅಲ್ಲಿ ಯುದ್ಧ ಮುಗಿದ ಮೇಲೆ ಬೆಲೆ ಏರಿಕೆ, ಮುಷ್ಕರ, 1921ರ ಕೊನೆಗೆ ದೊಡ್ಡ ಬ್ಯಾಂಕೊಂದರ ಪತನ. ಪೋ ನದಿ ಬಯಲಿನ ಜಮೀನ್ದಾರರು ದುಡ್ಡು ಕೊಟ್ಟು ಮುಸೊಲಿನಿಯ ಕರಿಯಂಗಿ ಪಡೆಗಳಿಂದ ರೈತ ಸಂಘಗಳನ್ನು ಒಡೆಸಿದರು. ಆದರೆ 1922ರ ಅಕ್ಟೋಬರ್ 28ರಂದು ಆ ಪಡೆಗಳು ರೋಮ್ ಕಡೆ ಹೊರಟಾಗ ತಡೆಯಲು ಬೇಕಿದ್ದ ಸೇನಾ ಕಾನೂನಿಗೆ ಸಹಿ ಹಾಕಲ್ಲ ಅಂದಿದ್ದು ರಾಜ ಮೂರನೇ ವಿಟ್ಟೋರಿಯೊ ಎಮಾನ್ಯುಯೆಲೆ. ಮುಸೊಲಿನಿ ಮಿಲಾನ್‌ನಿಂದ ರಾತ್ರಿ ರೈಲು ಹತ್ತಿ, ಮಲಗಿಕೊಂಡು ರೋಮ್‌ಗೆ ಬಂದು ಪ್ರಧಾನಿಯಾದ.

ಈಗ ಅಮೆರಿಕ. 1933ರಲ್ಲಿ ಅಲ್ಲಿ ನಾಲ್ವರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಸಾವಿರಾರು ಬ್ಯಾಂಕು ಮುಳುಗಿದ್ದವು. ಕಷ್ಟ ಜರ್ಮನಿಗಿಂತ ಬಹಳ ಕಮ್ಮಿ ಏನಲ್ಲ. ಆದರೆ ಜನಕ್ಕೆ ಇದ್ದ ವ್ಯವಸ್ಥೆಯೊಳಗೇ ಸರ್ಕಾರ ಬದಲಿಸಲು ಆಯಿತು, ಬಂದ ರೂಸ್‌ವೆಲ್ಟ್ ಕೈಕಟ್ಟಿ ಕೂರಲಿಲ್ಲ. ನನಗೆ ಇನ್ನೂ ಹತ್ತಿರದ ಹೋಲಿಕೆ ಅನ್ನಿಸುವುದು ಸ್ವೀಡನ್. 1931ರಲ್ಲಿ ಓಡಾಲೆನ್ ಅನ್ನುವಲ್ಲಿ ಮುಷ್ಕರದ ಮೆರವಣಿಗೆ ಮೇಲೆ ಸೈನಿಕರು ಗುಂಡು ಹಾರಿಸಿ ಐವರು ಸತ್ತಿದ್ದರು. ಅಂಥ ದೇಶದಲ್ಲಿ 1933ರಲ್ಲಿ ಪೆರ್ ಆಲ್ಬಿನ್ ಹಾನ್ಸನ್ ಅವರ ಕಾರ್ಮಿಕ ಪಕ್ಷವೂ ರೈತರ ಪಕ್ಷವೂ ಕೂತು ಮಾತಾಡಿದವು. ರೈತನ ಮಾಲಿಗೆ ಬೆಲೆ, ಕಾರ್ಮಿಕನಿಗೆ ಸರ್ಕಾರಿ ಕೆಲಸ. ಕೊಟ್ಟು ತಗೊಂಡರು. ಶ್ಲೆಸ್ವಿಗ್-ಹೋಲ್‌ಸ್ಟೈನ್ ರೈತನ ಹತ್ತಿರ ಆ ಮಾತು ಆಡಲು ಯಾವ ಪ್ರಜಾಪ್ರಭುತ್ವವಾದಿ ಪಕ್ಷವೂ ಹೋಗಲಿಲ್ಲ.

ರಾಯಚೂರು ಹುಡುಗ

ಮೇಷ್ಟ್ರೇ, ಕೊನೇದೊಂದು. ವರ್ಸೇಲ್ಸ್ ಒಪ್ಪಂದದ ದಂಡ? ಎಲ್ಲರೂ ಅದನ್ನೇ ಮೊದಲ ಕಾರಣ ಅಂತಾರಲ್ಲ, ನಮಗೆ ಪರೀಕ್ಷೆಲೂ ಅದೇ ಬರೆಸ್ತಾರೆ.

ಇತಿಹಾಸದ ಮೇಷ್ಟ್ರು

ಬರಿ, ಅಂಕ ಸಿಗುತ್ತದೆ. ಅದು ಕಾರಣಗಳಲ್ಲಿ ಒಂದು ಹೌದು. 1921ರಲ್ಲಿ ನಿಗದಿಯಾದ ದಂಡ 13,200 ಕೋಟಿ ಚಿನ್ನದ ಮಾರ್ಕ್. ಆ ಅವಮಾನವನ್ನು ನಾಜಿಗಳು ಪ್ರತಿ ಭಾಷಣದಲ್ಲೂ ಬಳಸಿದರು. ಬ್ರೂನಿಂಗ್ ಅಷ್ಟು ಕಠಿಣವಾಗಿ ಖರ್ಚು ಕಡಿದಿದ್ದರಲ್ಲಿ, ನಮ್ಮಿಂದ ಕಟ್ಟಲು ಆಗದು ಅಂತ ಹೊರದೇಶಗಳಿಗೆ ತೋರಿಸುವ ಲೆಕ್ಕಾಚಾರವೂ ಇತ್ತು. ಆ ಲೆಕ್ಕಾಚಾರ ಫಲಿಸಿತು ಕೂಡ. 1931ರ ಜೂನಿನಲ್ಲಿ ಅಮೆರಿಕ ಅಧ್ಯಕ್ಷ ಹೂವರ್ ಒಂದು ವರ್ಷ ಕಂತು ನಿಲ್ಲಿಸೋಣ ಅಂದರು. 1932ರ ಜುಲೈ 9ರಂದು ಲೊಸಾನ್ ಸಮ್ಮೇಳನದಲ್ಲಿ ದಂಡವನ್ನು ಹೆಚ್ಚುಕಮ್ಮಿ ಪೂರ್ತಿ ಕೈಬಿಟ್ಟರು. ಅದೇ ತಿಂಗಳು 31ಕ್ಕೆ ಚುನಾವಣೆ ನಡೆದು ನಾಜಿಗಳು ಅತಿ ದೊಡ್ಡ ಪಕ್ಷವಾದರು. ಅಷ್ಟು ಹೊತ್ತಿಗೆ ಮತದಾರನ ತಲೆಯಲ್ಲಿ ಇದ್ದದ್ದು ಪ್ಯಾರಿಸ್ಸಿಗೆ ಕಟ್ಟುವ ಕಂತಲ್ಲ. ಹೊಸ ಆಜ್ಞೆಯಲ್ಲಿ 6 ವಾರಕ್ಕೆ ಇಳಿದಿದ್ದ ನಿರುದ್ಯೋಗ ಭತ್ಯೆ ಮತ್ತು ಜಪ್ತಿಗೆ ಬರುವ ಅಮೀನ.